ಎಪ್ಪತ್ತು ದಾಟಿದ ಅಪ್ಪನಿಗೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಬೇಕೇ, ಊಟವೇ ಸಾಕೇ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ಇಲ್ಲಿ ಇಡುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಅಪ್ಪನಿಗೆ ಈಗ 72. ಮೂವತ್ತು ವರ್ಷ ಸಿಗರೇಟು ಸೇದಿದವರು, ಒಂಬತ್ತು ವರ್ಷಗಳ ಹಿಂದೆ ಬಿಟ್ಟರು. ಈಚೆಗೆ ಅವರ ಮೇಜಿನ ಮೇಲೆ ದೊಡ್ಡದೊಂದು ಬಾಟಲಿ ಕಾಣಿಸಿತು. ಮುಪ್ಪನ್ನು ಹಿಂದಕ್ಕೆ ತಳ್ಳುವ ಆ್ಯಂಟಿಆಕ್ಸಿಡೆಂಟ್ ಎಂದು ಮುಂಭಾಗದಲ್ಲಿ ದಪ್ಪಕ್ಷರದಲ್ಲಿದೆ. ಹಿಂಭಾಗದ ಸಣ್ಣಕ್ಷರವನ್ನು ಬೆಳಕಿಗೆ ಹಿಡಿದು ಓದಿದೆ: ಬೀಟಾ ಕ್ಯಾರೊಟಿನ್ 15 ಮಿಲಿಗ್ರಾಂ, ವಿಟಮಿನ್ ಇ 400 ಐಯು, ವಿಟಮಿನ್ ಸಿ 500 ಮಿಲಿಗ್ರಾಂ. ನಾಲ್ಕು ತಿಂಗಳಿಂದ ದಿನಕ್ಕೊಂದು ನುಂಗುತ್ತಿದ್ದಾರಂತೆ. ವೈದ್ಯರು ಬರೆದುಕೊಟ್ಟದ್ದಲ್ಲ, ಜೊತೆಯಲ್ಲಿ ವಾಕಿಂಗ್ ಹೋಗುವ ಗೆಳೆಯರೊಬ್ಬರು ಹೇಳಿದ್ದು.

ಇದೇ ನಾಲ್ಕು ತಿಂಗಳಲ್ಲಿ ಅವರ ಊಟ ಕಡಿಮೆಯಾಗಿದೆ. ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಮೆತ್ತಗಿರುವುದನ್ನಷ್ಟೇ ತಿಂದು ಎದ್ದುಬಿಡುತ್ತಾರೆ. ಕೇಳಿದರೆ, "ತರಕಾರಿಯಲ್ಲಿ ಇರುವುದೆಲ್ಲ ಆ ಮಾತ್ರೆಯಲ್ಲೇ ಇದೆಯಲ್ಲಮ್ಮಾ" ಎನ್ನುತ್ತಾರೆ. ನಿಜವೇ? ಇಲ್ಲವೆಂದರೆ ಯಾಕಿಲ್ಲ ಎಂದು ಅವರಿಗೆ ಒಪ್ಪುವ ಹಾಗೆ ಹೇಳುವುದು ಹೇಗೆ? ಅವರು ಲೆಕ್ಕಪತ್ರದ ಕೆಲಸದಲ್ಲಿದ್ದವರು. ಅಂಕಿ ಅಂಶ ಇಟ್ಟರೆ ಕೇಳುತ್ತಾರೆ, ಬರೀ ಉಪದೇಶ ಮಾಡಿದರೆ ಎದ್ದು ಹೋಗುತ್ತಾರೆ.

ಜೀವಕೋಶ:

ಸಂಜೆಮಲ್ಲಿಗೆ ಅವರೇ, ಉಳಿದದ್ದನ್ನು ಆಮೇಲೆ ಬರೆಯುತ್ತೇನೆ. ಮೊದಲು ಒಂದು ಮಾತು: ಸಿಗರೇಟು ಸೇದಿದ್ದವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ತಕ್ಕದ್ದಲ್ಲ. ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಸರಿಯೇ. ಬಾಟಲಿಯನ್ನು ಎತ್ತಿಕೊಂಡು ಈ ವಾರವೇ ಅವರ ವೈದ್ಯರಿಗೆ ತೋರಿಸಿ. ಗಾಬರಿಯಾಗುವಂಥದ್ದೇನೂ ಇಲ್ಲ, ಆದರೆ ತಡಮಾಡಬೇಡಿ.

ಪ್ರಶ್ನೆಗಾರ:

ಇದು ನನಗೆ ಹೊಸದು. ಕ್ಯಾರೆಟ್‌ಗೆ ಆ ಬಣ್ಣ ಕೊಡುವುದೇ ಬೀಟಾ ಕ್ಯಾರೊಟಿನ್ ಅಲ್ಲವೇ? ಕ್ಯಾರೆಟ್ ತಿಂದರೆ ಒಳ್ಳೆಯದು, ಅದರ ಸಾರವನ್ನೇ ಮಾತ್ರೆ ಮಾಡಿ ತಿಂದರೆ ಕೆಟ್ಟದ್ದು ಎಂದರೆ ನಂಬುವುದು ಹೇಗೆ?

ಜೀವಕೋಶ:

ಮೂವತ್ತು ವರ್ಷ ಜೀವರಸಾಯನ ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಿದ್ದರು, ನನಗೆ ಇಷ್ಟವಾದ ಪ್ರಶ್ನೆಯೂ ಇದೇ. ಸ್ವಲ್ಪ ಉದ್ದವಾಗುತ್ತದೆ, ಓದಿ. ಅಪ್ಪನವರಿಗೂ ಓದಿ ಹೇಳಬಹುದು.

1980ರ ದಶಕದ ಹೊತ್ತಿಗೆ ಹಲವು ದೇಶಗಳ ಸಮೀಕ್ಷೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣಿಸುತ್ತಿತ್ತು. ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಟ್ಟು ನೋಡೋಣ ಎಂದು ಫಿನ್ಲೆಂಡ್‌ನಲ್ಲಿ ದೊಡ್ಡ ಪ್ರಯೋಗ ಶುರುವಾಯಿತು. 50ರಿಂದ 69 ವರ್ಷದ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ 50 ಮಿಲಿಗ್ರಾಂ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಸಾವುಗಳೂ ಶೇ 8ರಷ್ಟು ಹೆಚ್ಚು.

ಆಕಸ್ಮಿಕವಿರಬಹುದೆಂದು ಆಗ ಹಲವರು ಅಂದುಕೊಂಡರು. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು: ಸಿಗರೇಟು ಸೇದುವವರು, ಸೇದಿ ಬಿಟ್ಟವರು, ಆಸ್ಬೆಸ್ಟಾಸ್ ದೂಳಿನಲ್ಲಿ ದುಡಿದವರು ಸೇರಿ 18,314 ಜನ. ಅವರಿಗೆ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೂಡ ಕೊಡುತ್ತಿದ್ದರು. 1996ರ ಜನವರಿಯಲ್ಲಿ ಆ ಪ್ರಯೋಗವನ್ನು ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು ಹೆಚ್ಚು ಕಂಡುಬಂದಿತ್ತು.

ಈಗ ಪ್ರಶ್ನೆಗಾರರ ಪ್ರಶ್ನೆಗೆ ಬರುತ್ತೇನೆ. ಫಿನ್ಲೆಂಡ್‌ನ ಅದೇ ಜನರಲ್ಲಿ, ಪ್ರಯೋಗ ಶುರುವಾಗುವ ಮೊದಲು ಊಟದಿಂದಲೇ ಹೆಚ್ಚು ಬೀಟಾ ಕ್ಯಾರೊಟಿನ್ ಪಡೆಯುತ್ತಿದ್ದವರಿಗೆ ಕ್ಯಾನ್ಸರ್ ಕಡಿಮೆಯೇ ಬಂದಿತ್ತು. ಅದೇ ಅಣು, ಅದೇ ಜನ. ತಟ್ಟೆಯಿಂದ ಬಂದಾಗ ಒಂದು ಕಥೆ, ಬಾಟಲಿಯಿಂದ ಬಂದಾಗ ಇನ್ನೊಂದು. ನಾನು ಇದನ್ನು ಓದಿದ ದಿನ ನನ್ನ ಪಾಠದ ಟಿಪ್ಪಣಿಯ ಎರಡು ಪುಟ ಹರಿದು ಹೊಸದಾಗಿ ಬರೆದೆ.

ಕಾರಣಗಳು ಒಂದಕ್ಕಿಂತ ಹೆಚ್ಚು. ಹಸಿ ಕ್ಯಾರೆಟ್‌ನಲ್ಲಿ ಈ ಬಣ್ಣ ಗಟ್ಟಿ ಕೋಶಭಿತ್ತಿಯ ಒಳಗೆ ಸಿಕ್ಕಿಕೊಂಡಿರುತ್ತದೆ, ರಕ್ತಕ್ಕೆ ಸೇರುವುದು ಅದರ ಸಣ್ಣ ಪಾಲು ಮಾತ್ರ. ಮಾತ್ರೆಯದು ಹಾಗಲ್ಲ, ಆ ಪ್ರಯೋಗದಲ್ಲಿ ರಕ್ತದ ಮಟ್ಟ ಹತ್ತು ಪಟ್ಟಿಗಿಂತಲೂ ಮೇಲೇರಿತ್ತು. ಹೊಗೆಯಿಂದ ಬಳಲಿದ ಶ್ವಾಸಕೋಶದಲ್ಲಿ ಅಷ್ಟೊಂದು ಬೀಟಾ ಕ್ಯಾರೊಟಿನ್ ತಾನೇ ಒಡೆದು, ಹಾನಿ ಮಾಡುವ ಚೂರುಗಳಾಗುತ್ತದೆ ಎಂಬುದು ಒಂದು ವಿವರಣೆ. ಇನ್ನೊಂದನ್ನು ನಾನು ಅದಕ್ಕಿಂತ ಮುಖ್ಯವೆಂದು ತಿಳಿಯುತ್ತೇನೆ. ಊಟದಿಂದ ರಕ್ತಕ್ಕೆ ಬಂದ ಬೀಟಾ ಕ್ಯಾರೊಟಿನ್ ಒಂದು ಗುರುತು. ಆ ಮನುಷ್ಯ ತರಕಾರಿ ತಿನ್ನುತ್ತಾನೆ, ತರಕಾರಿಯ ಜೊತೆ ನಾರು, ಪೊಟ್ಯಾಸಿಯಂ, ಫೋಲೇಟ್, ನೂರಾರು ಬೇರೆ ಅಣುಗಳು ಅವನ ಹೊಟ್ಟೆ ಸೇರುತ್ತವೆ ಎಂಬುದರ ಗುರುತು. ಗುರುತನ್ನು ಮಾತ್ರ ಕೊಂಡು ತಂದರೆ ಅದರ ಹಿಂದಿನ ಊಟ ಬರುವುದಿಲ್ಲ. ಲೆಕ್ಕಪತ್ರ ನೋಡಿದವರಿಗೆ ಹೀಗೆ ಹೇಳಿ ನೋಡಿ: ಪುಸ್ತಕದಲ್ಲಿ ಜಮೆಯ ಅಂಕಿಯನ್ನು ತಿದ್ದಿ ಬರೆದರೆ ಪೆಟ್ಟಿಗೆಯಲ್ಲಿ ಹಣ ಹೆಚ್ಚುವುದಿಲ್ಲ.

ಸಂಜೆಮಲ್ಲಿಗೆ:

ಕೊನೆಯ ಆ ಒಂದು ವಾಕ್ಯ ಸಾಕು ಸರ್, ಅಪ್ಪ ಕೇಳುತ್ತಾರೆ. ತುಂಬಾ ಧನ್ಯವಾದ. ನಾಳೆಯೇ ವೈದ್ಯರಿಗೆ ಫೋನ್ ಮಾಡುತ್ತೇನೆ.

ಎಡಗಣ್ಣು:

ಜೀವಕೋಶ ಅವರ ಮಾತಿಗೆ ನನ್ನ ಅನುಭವದಿಂದ ಒಂದು ಸೇರಿಸಬೇಕು. ಎಲ್ಲ ಮಾತ್ರೆಯನ್ನೂ ಒಟ್ಟಿಗೆ ತಳ್ಳಿಹಾಕಬೇಡಿ.

ನನಗೆ 69. ಎಡಗಣ್ಣಿನಲ್ಲಿ ಮ್ಯಾಕ್ಯುಲಾ (ಕಣ್ಣಿನ ಪರದೆಯ ನಡುಭಾಗ) ಸವೆತ, ವಯಸ್ಸಿನ ಜೊತೆ ಬರುವಂಥದ್ದು. ನೇರ ಗೆರೆಗಳು ಅಲೆಯ ಹಾಗೆ ಬಾಗಿ ಕಾಣಿಸಲು ತೊಡಗಿದಾಗ ಪತ್ತೆಯಾಯಿತು. ಬಲಗಣ್ಣು ಮಧ್ಯಮ ಹಂತದಲ್ಲಿದೆ. ಅದನ್ನು ಉಳಿಸಿಕೊಳ್ಳಲು ಕಣ್ಣಿನ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮೂರು ವರ್ಷದಿಂದ ತಿನ್ನುತ್ತಿದ್ದೇನೆ. ಅದರಲ್ಲಿ ವಿಟಮಿನ್ ಸಿ, ಇ, ಸತು, ತಾಮ್ರ ಮತ್ತು ಲ್ಯೂಟಿನ್ 10 ಮಿಲಿಗ್ರಾಂ, ಜಿಯಾಕ್ಸಾಂಥಿನ್ 2 ಮಿಲಿಗ್ರಾಂ ಇವೆ. ಇದರ ಹಿಂದೆ ನಿಜವಾದ ಪ್ರಯೋಗವಿದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಮಧ್ಯಮ ಹಂತ ತಲುಪಿದವರಲ್ಲಿ ರೋಗ ತೀವ್ರ ಹಂತಕ್ಕೆ ಹೋಗುವ ಸಾಧ್ಯತೆ ಸುಮಾರು ಶೇ 25ರಷ್ಟು ಇಳಿದಿತ್ತು.

ಮೊದಲ ಸೂತ್ರದಲ್ಲಿ ಬೀಟಾ ಕ್ಯಾರೊಟಿನ್ ಇತ್ತು. ಮೇಲೆ ಹೇಳಿದ ಶ್ವಾಸಕೋಶದ ವಿಷಯದಿಂದಾಗಿ ಎರಡನೇ ಅಧ್ಯಯನದಲ್ಲಿ ಅದರ ಬದಲು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಇಟ್ಟು ನೋಡಿದರು. 2013ರ ಆ ಫಲಿತಾಂಶದಲ್ಲೂ ಬೀಟಾ ಕ್ಯಾರೊಟಿನ್ ತಿಂದ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತ್ತು, ಬಂದವರಲ್ಲಿ ಬಹುಪಾಲು ಸಿಗರೇಟು ಬಿಟ್ಟವರೇ. ಸಂಜೆಮಲ್ಲಿಗೆ ಅವರ ತಂದೆಗೆ ಇದು ನೇರವಾಗಿ ಅನ್ವಯಿಸುವುದರಿಂದ ಬರೆಯುತ್ತಿದ್ದೇನೆ.

ಈ ಮಾತ್ರೆ ರೋಗ ಬರುವುದನ್ನು ತಡೆಯುವುದಿಲ್ಲ ಎಂದು ವೈದ್ಯರು ನನಗೆ ಸ್ಪಷ್ಟವಾಗಿ ಹೇಳಿದ್ದರು. ಕಣ್ಣು ಚೆನ್ನಾಗಿರುವವರು ಮುನ್ನೆಚ್ಚರಿಕೆಯೆಂದು ತಿನ್ನಬೇಕಾದದ್ದೂ ಅಲ್ಲ. ಲ್ಯೂಟಿನ್ ಊಟದಲ್ಲೂ ಸಿಗುತ್ತದೆ, ಪಾಲಕ್‌ನಂಥ ಕಡು ಹಸಿರು ಸೊಪ್ಪು, ಮೊಟ್ಟೆಯ ಹಳದಿ, ಮೆಕ್ಕೆಜೋಳದ ತೆನೆ. ಕಣ್ಣಿನ ಪರದೆಯ ನಡುವಿನ ಹಳದಿ ಚುಕ್ಕೆಗೆ ಆ ಹಳದಿ ಬಂದಿರುವುದೇ ಈ ಎರಡು ಅಣುಗಳಿಂದ ಎಂದು ತಿಳಿದ ದಿನದಿಂದ ನನಗೆ ಸೊಪ್ಪಿನ ಮೇಲೆ ಬೇರೆಯೇ ಅಕ್ಕರೆ ಹುಟ್ಟಿದೆ.

ಜೀವಕೋಶ:

ಎಡಗಣ್ಣು ಅವರು ಹೇಳಿದ್ದು ಪೂರ್ತಿ ಸರಿ. ನಿರ್ದಿಷ್ಟ ರೋಗ, ನಿರ್ದಿಷ್ಟ ಹಂತ, ನಿರ್ದಿಷ್ಟ ಪ್ರಮಾಣ, ವೈದ್ಯರ ಕಣ್ಗಾವಲು. ಅದು ಚಿಕಿತ್ಸೆ. ಮುಪ್ಪು ತಡೆಯುತ್ತದೆಂದು ಎಲ್ಲರಿಗೂ ಮಾರುವ ಬಾಟಲಿಯ ವಿಷಯ ಬೇರೆ.

ಪ್ರಶ್ನೆಗಾರ:

ನನ್ನದು ಇನ್ನೂ ಮುಗಿದಿಲ್ಲ. ಕತ್ತರಿಸಿದ ಸೇಬು ಕಂದಾಗುತ್ತದೆ, ನಿಂಬೆರಸ ಹಿಂಡಿದರೆ ಆಗುವುದಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ದೇಹವೂ ಹಾಗೆಯೇ ತುಕ್ಕು ಹಿಡಿಯುತ್ತದೆ, ಆ್ಯಂಟಿಆಕ್ಸಿಡೆಂಟ್ ಅದನ್ನು ತಡೆಯುತ್ತದೆ ಎಂದು ಎಲ್ಲ ಕಡೆ ಓದಿದ್ದೇನೆ. ಅದೇ ತಪ್ಪೇ?

ಜೀವಕೋಶ:

ಅರ್ಧ ಸತ್ಯ. ಆ ಅರ್ಧ ಸತ್ಯಕ್ಕೆ ಹುಟ್ಟಿದ ವರ್ಷವನ್ನೂ ಹೇಳಬಹುದು. 1956ರಲ್ಲಿ ಡೆನ್ಹಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ, ಮುಪ್ಪಿಗೆ ಫ್ರೀ ರ‍್ಯಾಡಿಕಲ್‌ಗಳು ಕಾರಣವೆಂದು ವಾದ ಮಂಡಿಸಿದರು. ಫ್ರೀ ರ‍್ಯಾಡಿಕಲ್ ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು. ಅದು ಒಂಟಿಯಾಗಿ ಇರಲಾರದೆ ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಸಿಯುತ್ತದೆ, ಕಳೆದುಕೊಂಡದ್ದು ಇನ್ನೊಂದರಿಂದ ಕಸಿಯುತ್ತದೆ. ನಾವು ಉಸಿರಾಡುವ ಆಮ್ಲಜನಕದ ಸ್ವಲ್ಪ ಭಾಗ ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿ ಹೀಗೆ ದಾರಿ ತಪ್ಪುತ್ತದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಅದನ್ನು ಹಿಡಿದು ಹದಗೊಳಿಸುವ ಕಿಣ್ವವನ್ನೇ ದೇಹದೊಳಗೆ ಕಂಡುಹಿಡಿದಾಗ ಹಾರ್ಮನ್ನರ ವಾದಕ್ಕೆ ಬಲ ಬಂತು.

ಆ ಕಿಣ್ವ ಕಂಡಾಗಲೇ ನಾವು ಇನ್ನೊಂದು ವಿಷಯವನ್ನೂ ಗಮನಿಸಬೇಕಿತ್ತು. ದೇಹದ ಬಳಿ ತನ್ನದೇ ಕಾವಲುಪಡೆ ಇದೆ. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್. ಇವು ದೇಹವೇ ಮಾಡಿಕೊಳ್ಳುವಂಥವು. ಊಟದಿಂದ ಅದಕ್ಕೆ ಬೇಕಾಗುವುದು ಸಾಮಗ್ರಿ: ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ, ಪ್ರೋಟೀನು. ಜೊತೆಗೆ ನಾವು ಮಾಡಿಕೊಳ್ಳಲಾಗದ ವಿಟಮಿನ್ ಸಿ ಮತ್ತು ಇ.

ಫ್ರೀ ರ‍್ಯಾಡಿಕಲ್ ಎಂದರೆ ಬರೀ ಕೇಡು ಎಂಬ ಮಾತೂ ನಿಲ್ಲಲಿಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇದೇ ಆಯುಧದಿಂದ. ಈ ಆಯುಧ ತಯಾರಿಸಲಾಗದ ಹುಟ್ಟು ದೋಷವಿರುವ ಮಕ್ಕಳಿಗೆ ಸೋಂಕು ಮೇಲಿಂದ ಮೇಲೆ ಬರುತ್ತದೆ. ಆಫ್ರಿಕಾದಲ್ಲಿ ನೆಲದೊಳಗೆ ಬದುಕುವ, ಮೈಮೇಲೆ ರೋಮವಿಲ್ಲದ ನೇಕೆಡ್ ಮೋಲ್ ರ‍್ಯಾಟ್ ಎಂಬ ಸಣ್ಣ ಪ್ರಾಣಿಯಿದೆ. ಅದರ ಅಂಗಾಂಶಗಳಲ್ಲಿ ಎಳೆಯ ವಯಸ್ಸಿನಲ್ಲೇ ಉತ್ಕರ್ಷಣದ, ಅಂದರೆ ಈ ತುಕ್ಕಿನಂಥ, ಹಾನಿ ಇಲಿಗಿಂತ ಹೆಚ್ಚು ಕಾಣುತ್ತದೆ, ಆದರೂ ಅದು ಮೂವತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಇಲಿಯ ಆಯಸ್ಸು ಮೂರು ವರ್ಷದ ಆಸುಪಾಸು. ಬರೀ ತುಕ್ಕೇ ಮುಪ್ಪಾಗಿದ್ದರೆ ಹೀಗಾಗುತ್ತಿರಲಿಲ್ಲ.

ಸೇಬಿನ ವಿಷಯ: ಅದು ಕಂದಾಗುವುದು ಅದರೊಳಗಿನ ಒಂದು ಕಿಣ್ವದಿಂದ. ನಿಂಬೆಯ ಹುಳಿ ಆ ಕಿಣ್ವವನ್ನು ಕಟ್ಟಿಹಾಕುತ್ತದೆ, ವಿಟಮಿನ್ ಸಿಯೂ ನೆರವಾಗುತ್ತದೆ. ದೇಹಕ್ಕೆ ಹೋಲಿಸಲು ನಾನಾದರೆ ಅಕ್ರೋಟನ್ನು ಆರಿಸುತ್ತೇನೆ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿದ ಅಕ್ರೋಟನ್ನು ಬಾಯಿಗೆ ಹಾಕಿದರೆ ಬಣ್ಣದ ವಾಸನೆ, ನಾಲಿಗೆಯ ಹಿಂದೆ ಕಹಿ. ಒಳಗಿನ ಎಣ್ಣೆ ಗಾಳಿಯೊಂದಿಗೆ ಸೇರಿ ಕಮಟಿದೆ. ಇಡಿಯ ಕಾಯಿ ಬಹುಕಾಲ ಕೆಡದೆ ಇರುವುದಕ್ಕೆ ಗಟ್ಟಿ ಚಿಪ್ಪು ಒಂದು ಕಾರಣ, ತನ್ನ ಎಣ್ಣೆಯನ್ನು ಕಾಯಲು ಆ ಬೀಜ ತಾನೇ ಕೂಡಿಟ್ಟುಕೊಂಡ ವಿಟಮಿನ್ ಇ ಮತ್ತು ಪಾಲಿಫಿನಾಲ್‌ಗಳು ಇನ್ನೊಂದು. ಗಿಡ ಇವನ್ನು ಮಾಡಿಕೊಂಡದ್ದು ತನಗಾಗಿ. ನಮ್ಮ ಜೀವಕೋಶದ ಪೊರೆಯಲ್ಲೂ ಅಂಥದ್ದೇ ಕೊಬ್ಬು ಇದೆ, ವಿಟಮಿನ್ ಇ ಅಲ್ಲೂ ಅದೇ ಕಾವಲು ಕಾಯುತ್ತದೆ. ಆದರೆ ಕಾವಲುಗಾರರು ತಕ್ಕಷ್ಟಿರುವಾಗ ಇನ್ನೂ ನೂರು ಜನರನ್ನು ಒಳಗೆ ತುಂಬಿದರೆ ಮನೆ ಹೆಚ್ಚು ಭದ್ರವಾಗುವುದಿಲ್ಲ.

ಹಳೆಯ ಓಟಗಾರ:

ನನಗೆ 64, ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಓಡಿದಾಗ ಫ್ರೀ ರ‍್ಯಾಡಿಕಲ್ ಹೆಚ್ಚುತ್ತದೆ ಎಂದು ಕೇಳಿ ವರ್ಷಗಟ್ಟಲೆ ವಿಟಮಿನ್ ಸಿ 1,000 ಮಿಲಿಗ್ರಾಂ, ಜೊತೆಗೆ ಇ ತಿನ್ನುತ್ತಿದ್ದೆ. ಇದರಿಂದಲೂ ತೊಂದರೆಯೇ?

ಜೀವಕೋಶ:

2009ರಲ್ಲಿ ಜರ್ಮನಿಯಿಂದ ಬಂದ ಅಧ್ಯಯನ ನೀವು ಹೇಳಿದ್ದನ್ನೇ ನೋಡಿದೆ. ಸುಮಾರು ನಲವತ್ತು ಯುವಕರು, ನಾಲ್ಕು ವಾರ ವ್ಯಾಯಾಮ. ಅರ್ಧ ಜನಕ್ಕೆ ದಿನವೂ ವಿಟಮಿನ್ ಸಿ 1,000 ಮಿಲಿಗ್ರಾಂ ಮತ್ತು ಇ 400 ಐಯು. ಮಾತ್ರೆ ತಿನ್ನದವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಧಾರಿಸಿತು. ತಿಂದವರಲ್ಲಿ ಆ ಲಾಭ ಸಿಗಲಿಲ್ಲ. ಸಣ್ಣ ಅಧ್ಯಯನ, ಕಟ್ಟಕಡೆಯ ಮಾತೆಂದು ಹೇಳಲಾರೆ. ಆದರೆ ತರ್ಕ ಗಟ್ಟಿಯಿದೆ. ಓಡುವಾಗ ಏಳುವ ಆ ಸಣ್ಣ ಒತ್ತಡವೇ ಸ್ನಾಯುವಿಗೆ ಸಂದೇಶ: ಇನ್ನಷ್ಟು ಕಿಣ್ವ ಮಾಡಿಕೋ, ಇನ್ನಷ್ಟು ಮೈಟೊಕಾಂಡ್ರಿಯಾ ಕಟ್ಟು. ಸಂದೇಶವನ್ನೇ ಅಳಿಸಿದರೆ ಕೆಲಸ ಶುರುವಾಗುವುದು ಹೇಗೆ?

ತರಕಾರಿಯಲ್ಲಿನ ಎಷ್ಟೋ ಅಣುಗಳೂ ಹೀಗೆಯೇ ಕೆಲಸ ಮಾಡುತ್ತವೆ. ಬ್ರೊಕೊಲಿಯ ಸಲ್ಫೊರಫೇನ್ ತಾನೇ ಹೋಗಿ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯುವುದಿಲ್ಲ. ಜೀವಕೋಶವನ್ನು ಮೆಲ್ಲಗೆ ಕೆಣಕಿ, ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಎಬ್ಬಿಸಿ, ದೇಹದ ಸ್ವಂತ ಕಾವಲುಪಡೆ ಹೆಚ್ಚುವಂತೆ ಮಾಡುತ್ತದೆ. ಆದ್ದರಿಂದಲೇ ಒಂದು ಆಹಾರ ಪರೀಕ್ಷಾ ನಳಿಕೆಯಲ್ಲಿ ಎಷ್ಟು ಆ್ಯಂಟಿಆಕ್ಸಿಡೆಂಟ್ ಶಕ್ತಿ ತೋರಿಸಿತು ಎಂಬ ಅಂಕಿಗೆ ಬೆಲೆಯಿಲ್ಲ. ಅಮೆರಿಕದ ಕೃಷಿ ಇಲಾಖೆ ಅಂಥ ಅಂಕಿಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು, ಅವಕ್ಕೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ಕಾಣದೆ 2012ರಲ್ಲಿ ತೆಗೆದುಹಾಕಿತು.

ಹಳೆಯ ಓಟಗಾರ:

ನಿಲ್ಲಿಸುತ್ತೇನೆ. ಓಟದ ನಂತರ ಒಂದು ಕಿತ್ತಳೆ ತಿನ್ನುವುದು ತಪ್ಪಲ್ಲವಷ್ಟೇ?

ಜೀವಕೋಶ:

ಧಾರಾಳವಾಗಿ ತಿನ್ನಿ. ಒಂದು ಕಿತ್ತಳೆಯಲ್ಲಿ ಸುಮಾರು 70 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ದಿನಕ್ಕೆ 200 ಮಿಲಿಗ್ರಾಂ ದಾಟಿದ ಮೇಲೆ ರಕ್ತದಲ್ಲಿನ ಮಟ್ಟ ಹೆಚ್ಚೇನೂ ಏರುವುದಿಲ್ಲ, ಉಳಿದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತದೆ.

ತಟ್ಟೆ_ನೋಡುವವಳು:

ತಡವಾಗಿ ಬಂದೆ, ಕ್ಷಮಿಸಿ. ಹದಿನಾರು ವರ್ಷದಿಂದ ವಯಸ್ಸಾದವರಿಗೆ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಮಾತ್ರೆಯ ವಿಷಯ ಚೆನ್ನಾಗಿ ಚರ್ಚೆಯಾಗಿದೆ. ಆದರೆ ಸಂಜೆಮಲ್ಲಿಗೆ ಅವರ ಮೊದಲ ಬರಹದಲ್ಲಿ ನನಗೆ ಬಾಟಲಿಗಿಂತ ಹೆಚ್ಚು ಕಾಡಿದ್ದು ಇನ್ನೊಂದು ಸಾಲು. ತರಕಾರಿಯನ್ನು ಅಂಚಿಗೆ ಸರಿಸಿ ಮೆತ್ತಗಿರುವುದನ್ನಷ್ಟೇ ತಿನ್ನುತ್ತಾರೆ ಎಂದಿರಿ.

ಅಮ್ಮಾ, ಅವರಿಗೆ ಕಟ್ಟಿಸಿದ ಹಲ್ಲು ಇದೆಯೇ? ಅದು ಸರಿಯಾಗಿ ಕೂರುತ್ತಿದೆಯೇ? ಈ ನಾಲ್ಕು ತಿಂಗಳಲ್ಲಿ ತೂಕ ಇಳಿದಿದೆಯೇ? ಪ್ಯಾಂಟಿಗೆ ಬೆಲ್ಟಿನ ತೂತು ಒಂದು ಹಿಂದಕ್ಕೆ ಬಂದಿದೆಯೇ ನೋಡಿ. ಹಿರಿಯರು ಅಗಿಯಲು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಹಸಿವಿಲ್ಲ, ರುಚಿಯಿಲ್ಲ, ಮಾತ್ರೆ ತಿಂದಿದ್ದೇನೆ ಎನ್ನುತ್ತಾರೆ. ನನ್ನ ಮುಂದೆ ಕುಳಿತು ಹೀಗೆ ಹೇಳಿದವರ ಬಾಯಿ ನೋಡಿದರೆ ಒಸಡಿನ ಮೇಲೆ ಕೆಂಪು ಹುಣ್ಣು ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಈ ವಯಸ್ಸಿನಲ್ಲಿ ಊಟ ಕಡಿಮೆಯಾಗುವುದೇ ದೊಡ್ಡ ಅಪಾಯ. ಸ್ನಾಯು ಕರಗುತ್ತದೆ, ಬಿದ್ದರೆ ಏಳುವುದು ಕಷ್ಟವಾಗುತ್ತದೆ. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು. ಆ್ಯಂಟಿಆಕ್ಸಿಡೆಂಟ್ ಚರ್ಚೆ ಇದರ ನಂತರ.

ಸಂಜೆಮಲ್ಲಿಗೆ:

ಓದಿ ಕೈ ನಡುಗಿತು. ಕೆಳಗಿನ ಸಾಲಿಗೆ ಕಟ್ಟಿಸಿದ ಹಲ್ಲಿದೆ. ಈಗ ಹೋಗಿ ನೇರವಾಗಿ ಕೇಳುತ್ತೇನೆ.

ರಾತ್ರಿಪಾಳಿ:

ನಾನು ನರ್ಸ್. ಓದುತ್ತಿರುವ ಬೇರೆಯವರಿಗಾಗಿ ಕೆಲವು ಎಚ್ಚರಿಕೆ. ರಕ್ತ ತೆಳುವಾಗಿಸುವ ವಾರ್ಫರಿನ್ ತಿನ್ನುವವರು ವಿಟಮಿನ್ ಇ ದೊಡ್ಡ ಪ್ರಮಾಣದಲ್ಲಿ ತಿಂದರೆ ರಕ್ತಸ್ರಾವದ ಅಪಾಯವಿದೆ. ಅವರೇ ಇದ್ದಕ್ಕಿದ್ದಂತೆ ಸೊಪ್ಪನ್ನು ಬಹಳ ಹೆಚ್ಚಿಸಿದರೆ ವಿಟಮಿನ್ ಕೆಯಿಂದಾಗಿ ಔಷಧದ ಪರಿಣಾಮ ಇಳಿಯುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಸಮ ಇರಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಯಾವ ಆ್ಯಂಟಿಆಕ್ಸಿಡೆಂಟ್ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರವನ್ನು ಗಟ್ಟಿ ಮಾಡಿದ ಕ್ಯಾಪ್ಸೂಲ್ ಬೇರೆ. ಎರಡನೆಯದರಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ವಿಟಮಿನ್ ಸಿ ದೊಡ್ಡ ಮಾತ್ರೆ ಬೇಡ.

ಪ್ರಶ್ನೆಗಾರ:

ಒಂದು ಪ್ರಾಮಾಣಿಕ ಪ್ರಶ್ನೆ. ಊಟದಿಂದ ಲಾಭವಿದೆ ಎಂದು ಪ್ರಯೋಗದಲ್ಲಿ ತೋರಿಸಿದವರಿದ್ದಾರೆಯೇ? ಅದೂ ಬರೀ ಗುರುತೇ ಆಗಿದ್ದರೆ?

ಜೀವಕೋಶ:

ಸರಿಯಾದ ಕಡೆ ಕೈಯಿಟ್ಟಿರಿ. ಊಟವನ್ನು ಪ್ರಯೋಗಕ್ಕೆ ಒಡ್ಡುವುದು ಕಷ್ಟ, ಹುಸಿ ಮಾತ್ರೆ ಮಾಡಬಹುದು, ಹುಸಿ ಸೊಪ್ಪು ಮಾಡಲಾಗದು. ಆದರೂ ಸ್ಪೇನ್‌ನಲ್ಲಿ ಹೃದ್ರೋಗದ ಅಪಾಯವಿದ್ದ 7,447 ಜನರ ಮೇಲೆ ನಡೆದಿದೆ. ಆಲಿವ್ ಎಣ್ಣೆ ಅಥವಾ ಬೀಜಗಳನ್ನು ಸೇರಿಸಿ, ತರಕಾರಿ, ಹಣ್ಣು, ಕಾಳು ಹೆಚ್ಚಿರುವ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾಗಿ ಸುಮಾರು ಶೇ 30ರಷ್ಟು ಕಡಿಮೆ. 2013ರಲ್ಲಿ ಪ್ರಕಟವಾದದ್ದನ್ನು, ಕೆಲವರನ್ನು ಗುಂಪಿಗೆ ಸೇರಿಸಿದ ವಿಧಾನದಲ್ಲಿ ದೋಷ ಕಂಡು ಹಿಂಪಡೆದು, 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ.

ಅಲ್ಲಿ ಕೆಲಸ ಮಾಡಿದ್ದು ಆ್ಯಂಟಿಆಕ್ಸಿಡೆಂಟೇ ಎಂದು ನಾನು ಹೇಳುವುದಿಲ್ಲ. ಕೊಬ್ಬಿನ ಬಗೆ, ನಾರು, ಕರುಳಿನ ಸೂಕ್ಷ್ಮಾಣುಗಳು ಎಲ್ಲವೂ ಇವೆ. ನಾವು ತಿನ್ನುವ ಪಾಲಿಫಿನಾಲ್‌ಗಳಲ್ಲಿ ಬಹಳಷ್ಟು ನೇರವಾಗಿ ರಕ್ತಕ್ಕೆ ಬರುವುದೇ ಇಲ್ಲ, ಕರುಳಿನ ಸೂಕ್ಷ್ಮಾಣುಗಳು ಒಡೆದು ಬೇರೆ ರೂಪ ಕೊಟ್ಟ ಮೇಲೆ ಬರುತ್ತವೆ. ದಾಳಿಂಬೆ, ಅಕ್ರೋಟಿನಲ್ಲಿರುವ ಒಂದು ಬಗೆಯಿಂದ ಯುರೊಲಿಥಿನ್ ಎಂಬ ಅಣು ತಯಾರಾಗುತ್ತದೆ, ಆದರೆ ಎಲ್ಲರ ಕರುಳಿನಲ್ಲೂ ಆಗುವುದಿಲ್ಲ. ಒಂದೇ ಹಣ್ಣನ್ನು ನಂಬಿ ಕೂರಬಾರದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಸಿಕ್ಕಿಲ್ಲ.

ಸಂಜೆಮಲ್ಲಿಗೆ:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಳಲೇಬೇಕು.

ವೈದ್ಯರು ಬಾಟಲಿ ನೋಡಿದ ಕೂಡಲೇ ನಿಲ್ಲಿಸಿ ಎಂದರು. ಅಪ್ಪ ಪೆಟ್ಟಿಗೆ ಮತ್ತು ಜಮೆಯ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿಯಾದ ಲೆಕ್ಕ" ಎಂದರು. ಹಲ್ಲಿನ ವಿಷಯದಲ್ಲಿ ತಟ್ಟೆ_ನೋಡುವವಳು ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬಲಗಡೆ ಒಸಡಿನಲ್ಲಿ ಹುಣ್ಣು. ಆರು ತಿಂಗಳಿಂದ ನೋವಂತೆ, ಹೇಳಿರಲೇ ಇಲ್ಲ. ತೂಕ ಮೂರೂವರೆ ಕಿಲೋ ಇಳಿದಿದೆ. ದಂತವೈದ್ಯರು ಹಲ್ಲಿನ ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು ಸರಿಮಾಡಿದ್ದಾರೆ, ಹುಣ್ಣು ಮಾಯುವವರೆಗೆ ಮೆತ್ತಗಿನ ಊಟ ಎಂದಿದ್ದಾರೆ. ಮೆತ್ತಗೆ ಬೇಯಿಸಿದರೆ ಸತ್ವವೆಲ್ಲ ಹೋಗುವುದಿಲ್ಲವೇ?

ತಟ್ಟೆ_ನೋಡುವವಳು:

ಹೇಳದೆ ಆರು ತಿಂಗಳು ಸಹಿಸಿದರಲ್ಲ ಪಾಪ. ಈಗಲಾದರೂ ತಿಳಿಯಿತು, ಅದೇ ಸಮಾಧಾನ.

ಬೇಯಿಸಿದರೆ ಕೆಲವು ಕಡಿಮೆಯಾಗುತ್ತವೆ, ಕೆಲವು ಹೆಚ್ಚು ಸಿಗುತ್ತವೆ. ಟೊಮೆಟೊವನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲಿಟ್ಟು ನೋಡುತ್ತಾ ನಿಲ್ಲಿ. ಮೊದಲು ನೀರು ಬಿಡುತ್ತದೆ. ನೀರು ಇಂಗುತ್ತಾ ಬಂದಂತೆ ತಿರುಳು ಕರಗಿ, ಪಾತ್ರೆಯ ಅಂಚಿನಲ್ಲಿ ಎಣ್ಣೆ ಬೇರೆಯಾಗಿ ಮಿನುಗುತ್ತದೆ. ಹಾಕುವಾಗ ತಿಳಿಯಾಗಿದ್ದ ಎಣ್ಣೆ ಈಗ ಕಿತ್ತಳೆಗೆಂಪು. ಆ ಬಣ್ಣವೇ ಲೈಕೊಪೀನ್. ಹಸಿ ಟೊಮೆಟೊದ ಕೋಶಗಳಲ್ಲಿ ಬಂದಿಯಾಗಿದ್ದದ್ದು ಬಿಸಿಗೆ ಬಿಡುಗಡೆಯಾಗಿ ಎಣ್ಣೆಗೆ ಇಳಿದಿದೆ, ಇನ್ನು ಕರುಳು ಅದನ್ನು ಸುಲಭವಾಗಿ ಹೀರುತ್ತದೆ. ಕ್ಯಾರೆಟ್, ಸಿಹಿಗುಂಬಳಕ್ಕೂ ಇದೇ ಮಾತು: ಬೇಯಿಸಿ, ಮಸೆದು, ಸ್ವಲ್ಪ ಎಣ್ಣೆಯೋ ಬೆಣ್ಣೆಯೋ ಸೇರಿಸಿ ಕೊಡಿ. ಈ ಬಣ್ಣಗಳು ಕೊಬ್ಬಿಲ್ಲದೆ ಮೈಗೆ ಹತ್ತುವುದಿಲ್ಲ. ಎಣ್ಣೆಗೆ ಹೆದರಿ ಬರೀ ಹಬೆಯಲ್ಲಿ ಬೇಯಿಸಿದ ತರಕಾರಿ ಕೊಡುವ ಮನೆಗಳಲ್ಲಿ ಇದನ್ನು ನಾನು ದಿನವೂ ಹೇಳಬೇಕಾಗುತ್ತದೆ.

ಕಳೆದುಹೋಗುವುದು ವಿಟಮಿನ್ ಸಿ ಮತ್ತು ಫೋಲೇಟ್. ಅವು ನೀರಿಗೆ ಇಳಿಯುತ್ತವೆ, ಬಿಸಿಗೆ ಕುಗ್ಗುತ್ತವೆ. ಸೊಪ್ಪು ಬೇಯಿಸಿದ ಹಸಿರು ನೀರನ್ನು ಚೆಲ್ಲಬೇಡಿ, ಅದರಲ್ಲೇ ಸೂಪು ಮಾಡಿ. ವಿಟಮಿನ್ ಸಿಗೆ ಮೆತ್ತಗಿನ ಹಣ್ಣುಗಳಿವೆ, ಪಪಾಯ, ಮಾವು, ಬೀಜ ತೆಗೆದ ಕಿತ್ತಳೆ ತೊಳೆ. ಬ್ರೊಕೊಲಿ ಹೆಚ್ಚಿದ ಮೇಲೆ ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಬೇಯಿಸಿ. ಜೀವಕೋಶ ಅವರು ಹೇಳಿದ ಸಲ್ಫೊರಫೇನ್ ಗಿಡದಲ್ಲಿ ಮೊದಲೇ ಇರುವುದಿಲ್ಲ, ಕತ್ತರಿಸಿದಾಗ ಒಂದು ಕಿಣ್ವ ಅದನ್ನು ಮಾಡುತ್ತದೆ. ತಕ್ಷಣ ಕುದಿಸಿದರೆ ಆ ಕಿಣ್ವ ಸಾಯುತ್ತದೆ. ಮರೆತು ಕುದಿಸಿಬಿಟ್ಟರೆ ಬಡಿಸುವಾಗ ಚಿಟಿಕೆ ಸಾಸಿವೆ ಪುಡಿ ಉದುರಿಸಿ, ಅದರಲ್ಲಿ ಅದೇ ಬಗೆಯ ಕಿಣ್ವವಿದೆ.

ಪ್ರೋಟೀನು ಮರೆಯಬೇಡಿ. ಮೊಟ್ಟೆ ತಿನ್ನುತ್ತಾರಾದರೆ ಟೊಮೆಟೊದ ಆ ಕೆಂಪು ಎಣ್ಣೆಯಲ್ಲೇ ಒಡೆದು ಹಾಕಿ ಮೆತ್ತಗೆ ಕದಡಿ. ಲೈಕೊಪೀನ್, ಲ್ಯೂಟಿನ್, ಪ್ರೋಟೀನು ಮೂರೂ ಒಂದೇ ಬಟ್ಟಲಿನಲ್ಲಿ, ಹಲ್ಲಿಲ್ಲದವರೂ ತಿನ್ನಬಹುದು.

ಎಡಗಣ್ಣು:

ಇದನ್ನು ನಾನೂ ಬರೆದಿಟ್ಟುಕೊಂಡೆ.

ಸಂಜೆಮಲ್ಲಿಗೆ:

ಇವತ್ತು ಬೆಳಿಗ್ಗೆ ಮಾಡಿದೆ. ಎಣ್ಣೆಯ ಬಣ್ಣ ತಿರುಗುವುದನ್ನು ಅಪ್ಪನನ್ನೇ ಒಲೆಯ ಹತ್ತಿರ ಕರೆದು ತೋರಿಸಿದೆ. ಕನ್ನಡಕ ತಂದು ಬಗ್ಗಿ ನೋಡಿದರು. ಬಟ್ಟಲು ಖಾಲಿ ಮಾಡಿ, ಅಂಚಿನಲ್ಲಿ ಅಂಟಿದ್ದನ್ನೂ ಚಮಚದಿಂದ ಕೆರೆದರು. ಸಂಜೆಗೂ ಇದ್ದರೆ ಮಾಡು ಎಂದಿದ್ದಾರೆ. ಬೆಳಿಗ್ಗೆಯ ಟೊಮೆಟೊ ಅರ್ಧ ಉಳಿದಿದೆ, ಬಿಸಿ ಮಾಡಿ ಕೊಡಬಹುದೇ, ಹೊಸದಾಗಿಯೇ ಮಾಡಬೇಕೇ?

ತಟ್ಟೆ_ನೋಡುವವಳು:

ಫ್ರಿಜ್‌ನಲ್ಲಿ ಮುಚ್ಚಿಟ್ಟಿದ್ದರೆ ಧಾರಾಳವಾಗಿ ಬಿಸಿ ಮಾಡಿ, ಲೈಕೊಪೀನ್ ಅಷ್ಟಕ್ಕೆಲ್ಲ ಹೋಗುವುದಿಲ್ಲ. ಮೊಟ್ಟೆಯನ್ನು ಮಾತ್ರ ಆಗಲೇ ಒಡೆದು ಹಾಕಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ಅವರ ತೂಕ ನೋಡಿ ಬರೆದಿಡಿ. ಆ ಪುಸ್ತಕವನ್ನು ಅವರ ಕೈಗೇ ಕೊಡಿ.